ದೊಡ್ಡ ಸ್ವಾಮಿ ಅಬ್ಬೆ ದುಬ್ವಾ

ಇತಿಹಾಸವನ್ನು ಐಚ್ಛಿಕ ವಿಷಯವಾಗಿ ಓದುವ ನಮ್ಮಲ್ಲಿ ಅಬ್ಬೆ ದುಬ್ವಾನ ಹೆಸರನ್ನು ಕೇಳದವರು ವಿರಳ. ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತು ದೊಡ್ಡ ಗ್ರಂಥವೊಂದನ್ನು ಬರೆದ ಫ್ರೆಂಚ್ ಪಾದ್ರಿ ಎಂದು ಹೇಳಿ ಪಠ್ಯಪುಸ್ತಕಗಳು ಒಂದೇ ಸಾಲಿನಲ್ಲಿ ಆತನನ್ನು ಮುಗಿಸಿಬಿಡುತ್ತವೆ. ಕನ್ನಡ ಪುಸ್ತಕಗಳಲ್ಲಿ ಆತನ ಹೆಸರು ಡುಬಾಯ್ ಎಂದು ಅಚ್ಚಾಗಿರುವುದೂ ಉಂಟು. ನಾನು ಫ್ರೆಂಚರ ಉಚ್ಚಾರಕ್ಕೆ ಹತ್ತಿರವಾದುದನ್ನು ಹಿಡಿದಿದ್ದೇನೆ. ಆ ದೊಡ್ಡ ಗ್ರಂಥವನ್ನು ಕುರಿತು ಇಲ್ಲಿ ವಿಸ್ತಾರವಾಗಿ ಬರೆಯುವ ಉದ್ದೇಶ ನನಗಿಲ್ಲ. ನನ್ನ ಮನಸ್ಸನ್ನು ಹಿಡಿದದ್ದು ಆತನ ಮತ್ತೊಂದು ಚಿಕ್ಕ ಪುಸ್ತಕದ ಒಂದೆರಡು ಪುಟಗಳು.

ಅದನ್ನು ಓದಲು ಕಾರಣವಾದದ್ದು ಒಂದು ವಾದ. ನಮ್ಮ ತರಗತಿಯ ಕ್ರೈಸ್ತ ಮಿತ್ರನೊಬ್ಬನು ಸಂಜೆ ಹೊತ್ತು ನಮ್ಮ ಶಹಾಬಜಾರದ ಮನೆಗೆ ಬರುವುದು ವಾಡಿಕೆ. ನಮ್ಮ ಓಣಿಯ ಸುತ್ತಿನಲ್ಲಿ ಬಹಮನಿ ಅರಸರ ಕಾಲದ ಮಸೀದಿಯೂ ಇದೆ, ಸುಲಫಲ ಮಠವೂ ಇದೆ. ಧರ್ಮದ ಮಾತು ಬರಲು ಬೇರೆ ನೆಪ ಬೇಕಾಗಿಲ್ಲ. ಮನುಷ್ಯನು ಕಟ್ಟಳೆಗಳನ್ನು ಪಾಲಿಸಿ ದೇವರ ಮೆಚ್ಚುಗೆಯನ್ನು ಗಳಿಸಲಾರ, ದೇವರು ತಾನಾಗಿ ಕೊಡುವ ಕೃಪೆಯಿಂದಲೇ ಉಳಿಯುತ್ತಾನೆ ಎಂಬುದು ತನ್ನ ಮತದ ತಿರುಳೆಂದು ಅವನು ಹೇಳಿದ. ಕಟ್ಟಳೆಯನ್ನು ಬಿಟ್ಟರೆ ಧರ್ಮದಲ್ಲಿ ಉಳಿಯುವುದೇನು ಎಂದು ನಾನು ಹಟ ಹಿಡಿದೆ. ಕತ್ತಿಗೆ ಹೆದರಿ ತನ್ನ ದೇವರನ್ನೇ ಅಲ್ಲಗಳೆದವನು ಮರುದಿನ ಬಂದು ಬಾಗಿಲು ತಟ್ಟಿದರೆ ಅವನಿಗೂ ಕೃಪೆಯೋ ಎಂದು ಕೇಳಿದೆ. ಮಿತ್ರನು ಸುಮ್ಮನಾದ. ನಾನು ಗೆದ್ದೆನೆಂದು ಬೀಗಿದೆ. ವಾರದ ಮೇಲೆ ಗ್ರಂಥಾಲಯದಲ್ಲಿ ಬೇರೇನನ್ನೋ ಹುಡುಕುತ್ತಿದ್ದಾಗ ದುಬ್ವಾನ ಪತ್ರಗಳು ಕೈಗೆ ಬಂದವು. ನನ್ನ ಪ್ರಶ್ನೆ ಕಲ್ಪನೆಯದಾಗಿರಲಿಲ್ಲ. ಇನ್ನೂರು ವರ್ಷಗಳ ಹಿಂದೆ ನಮ್ಮ ಕರ್ನಾಟಕದಲ್ಲಿಯೇ, ಶ್ರೀರಂಗಪಟ್ಟಣದಲ್ಲಿ, ಸಾವಿರಾರು ಜನ ಹಾಗೆಯೇ ಬಂದು ಬಾಗಿಲು ತಟ್ಟಿದ್ದರು.

ಝಾಂ ಆಂತ್ವಾನ್ ದುಬ್ವಾ ಹುಟ್ಟಿದ್ದು ದಕ್ಷಿಣ ಫ್ರಾನ್ಸಿನ ವಿವರೈ ಸೀಮೆಯಲ್ಲಿ, ೧೭೬೦ರ ದಶಕದ ನಡುವಿನಲ್ಲಿ. ೧೭೯೨ರಲ್ಲಿ ಗುರುದೀಕ್ಷೆ ಪಡೆದು, ಅದೇ ವರ್ಷ ಪ್ಯಾರಿಸಿನ ವಿದೇಶ ಮಿಶನ್ ಸಂಘದ ಪರವಾಗಿ ಹಿಂದೂಸ್ಥಾನಕ್ಕೆ ಹೊರಟನು. ಆ ವರ್ಷವನ್ನು ಓದುಗರು ನೆನಪಿನಲ್ಲಿಡಬೇಕು. ಫ್ರಾನ್ಸಿನಲ್ಲಿ ಆಗ ಮಹಾಕ್ರಾಂತಿ ನಡೆದಿತ್ತು. ಹೊಸ ಸರಕಾರದ ಕಾನೂನಿಗೆ ಪ್ರಮಾಣ ಮಾಡಿರೆಂದು ಪಾದ್ರಿಗಳನ್ನು ಒತ್ತಾಯಿಸುತ್ತಿದ್ದರು. ಮಾಡಿದವರೂ ಇದ್ದರು, ಮಾಡದೆ ಸೆರೆಮನೆ ಸೇರಿದವರೂ ಇದ್ದರು. ೧೭೯೨ರ ಸೆಪ್ಟೆಂಬರಿನಲ್ಲಿ ಪ್ಯಾರಿಸಿನ ಸೆರೆಮನೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಪಾದ್ರಿಗಳನ್ನು ಕೊಂದುಹಾಕಿದರು. ದುಬ್ವಾ ಅಷ್ಟರಲ್ಲಿ ದೇಶ ಬಿಟ್ಟಾಗಿತ್ತು.

ಪುದುಚೇರಿಯ ಮಿಶನ್ನಿಗೆ ಸೇರಿ ಮೊದಲ ಕೆಲವು ವರ್ಷ ತಮಿಳು ಸೀಮೆಯಲ್ಲಿ ಕೆಲಸ ಮಾಡಿದನು. ಬಂದ ಹೊಸತರಲ್ಲಿಯೇ ಯುರೋಪಿಯನ್ನರ ಸಹವಾಸವನ್ನು ಬಿಟ್ಟನು. ಬಿಳಿಯ ನಿಲುವಂಗಿ ತೊಟ್ಟು, ತಲೆಗೆ ರುಮಾಲು ಸುತ್ತಿ, ನಮ್ಮವರ ಊಟವನ್ನೇ ಉಂಡು, ನಮ್ಮವರಿಗೆ ಅಸಹ್ಯವಾದುದನ್ನು ಮುಟ್ಟದೆ ಬಾಳಿದನು. ಥಾಮಸ್ ಹಿಕಿ ಎಂಬ ಚಿತ್ರಕಾರನು ಬರೆದ ಆತನ ಚಿತ್ರವನ್ನು ನೋಡಿದರೆ ಯಾವುದೋ ಊರಿನ ಹಿರಿಯ ಗೌಡರು ಕುಳಿತಿದ್ದಾರೆಂದು ತೋರುತ್ತದೆ. ಮೈಸೂರು ಸೀಮೆಯ ಜನ ದೊಡ್ಡ ಸ್ವಾಮಿಯವರು ಎಂದು ಕರೆಯುತ್ತಿದ್ದರು.

ಇನ್ನು ಶ್ರೀರಂಗಪಟ್ಟಣದ ಕಥೆ. ಇದನ್ನು ಹೇಳುವಾಗ ನಾಲಗೆಯನ್ನು ಹದದಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ, ಏಕೆಂದರೆ ಟೀಪೂ ಸುಲ್ತಾನನ ಹೆಸರು ಬಂದೊಡನೆ ಇತಿಹಾಸ ಹಿಂದೆ ಸರಿದು ಜಗಳ ಮುಂದೆ ಬರುತ್ತದೆ. ಶೃಂಗೇರಿ ಮಠವು ಮರಾಠಾ ದಂಡಿನಿಂದ ಲೂಟಿಯಾದಾಗ ಅದಕ್ಕೆ ನೆರವು ಕಳುಹಿಸಿದವನೂ ಟೀಪೂವೇ, ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿಸಿದವನೂ ಟೀಪೂವೇ. ಎರಡೂ ನಡೆದ ಸಂಗತಿಗಳು. ೧೭೮೩ರಲ್ಲಿ ಇಂಗ್ಲಿಷ್ ಸೈನ್ಯವು ಮಂಗಳೂರು, ಬಿದನೂರುಗಳಿಗೆ ನುಗ್ಗಿದಾಗ ಅಲ್ಲಿಯ ಕ್ರೈಸ್ತರು ಅದಕ್ಕೆ ನೆರವಾದರೆಂಬ ಸಂಶಯ ಸುಲ್ತಾನನಿಗಿತ್ತು. ೧೭೮೪ರ ಫೆಬ್ರವರಿ, ಕ್ರೈಸ್ತರ ಬೂದಿ ಬುಧವಾರ. ಅಂದು ಕೆನರಾ ಸೀಮೆಯ ಕ್ರೈಸ್ತ ಮನೆಗಳನ್ನು ಏಕಕಾಲಕ್ಕೆ ಸುತ್ತುಗಟ್ಟಿ, ಹೆಂಗಸರು ಮಕ್ಕಳೆನ್ನದೆ ಹಿಡಿದು, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಅವರ ಸಂಖ್ಯೆಯನ್ನು ದುಬ್ವಾ ೬೦,೦೦೦ ಎಂದು ಕೊಡುತ್ತಾನೆ. ಅದರ ಅರ್ಧದಷ್ಟೆಂದು ಹೇಳುವ ಲೇಖಕರೂ ಇದ್ದಾರೆ. ದಾರಿಯಲ್ಲಿಯೇ ಎಷ್ಟೋ ಜನ ಸತ್ತರು. ಉಳಿದ ಗಂಡಸರಿಗೆ ಸುನ್ನತಿ ಮಾಡಿಸಿ, ಹೆಸರು ಬದಲಿಸಿ, ಪ್ರಾಯದವರನ್ನು ದಂಡಿಗೆ ಸೇರಿಸಿದರು. ಹೀಗೆ ಹದಿನೈದು ವರ್ಷ ಕಳೆಯಿತು.

ಹದಿನೈದು ವರ್ಷವೆಂದರೆ ಏನೆಂದು ನಾನು ಲೆಕ್ಕ ಹಾಕಿ ನೋಡಿದೆ. ಘಟ್ಟ ಹತ್ತುವಾಗ ಐದು ವರ್ಷದವನಾಗಿದ್ದ ಹುಡುಗ ಈಗ ನಮ್ಮ ಪದವಿ ತರಗತಿಯವರ ವಯಸ್ಸಿನವನು. ಅವನಿಗೆ ತಾಯಿಯ ಪಿಸುಮಾತಿನ ಪ್ರಾರ್ಥನೆ ನೆನಪಿದ್ದರೆ ಇರಬಹುದು. ಪೂಜೆ, ಪಾಪನಿವೇದನೆ, ಗುರುವಿನ ಮುಖ ಯಾವುದೂ ನೆನಪಿರಲಾರದು.

೧೭೯೯ರ ಮೇ ೪ರಂದು ಕೋಟೆ ಬಿತ್ತು, ಸುಲ್ತಾನನು ಹೋರಾಡುತ್ತ ಮಡಿದನು. ಸೆರೆಯಲ್ಲಿದ್ದವರಿಗೆ ಬಾಗಿಲು ತೆರೆಯಿತು. ಅವರನ್ನು ಮತ್ತೆ ಸಭೆಗೆ ಕೂಡಿಸಲು ಒಬ್ಬ ಪಾದ್ರಿ ಬೇಕಾದಾಗ, ಕರ್ನಲ್ ವೆಲ್ಲೆಸ್ಲಿಯ ಸೂಚನೆಯ ಮೇರೆಗೆ ದುಬ್ವಾನನ್ನು ಕರೆಸಿದರೆಂದು ಹೇಳುತ್ತಾರೆ. ಗೆದ್ದ ಇಂಗ್ಲಿಷರಿಗೆ ಇದರಲ್ಲಿ ತಮ್ಮ ಲಾಭವೂ ಕಾಣುತ್ತಿದ್ದಿರಬೇಕು. ಸೋತ ಅರಸನ ಕೆಲಸವನ್ನು ಅಳಿಸಿಹಾಕುವುದು ಗೆದ್ದವರ ಹಳೆಯ ಪದ್ಧತಿ. ಆದರೆ ಬಾಗಿಲಲ್ಲಿ ನಿಂತ ಜನಕ್ಕೂ ಒಳಗೆ ಕುಳಿತ ಪಾದ್ರಿಗೂ ಆ ರಾಜಕೀಯದಿಂದ ಏನೂ ಬಗೆಹರಿಯುತ್ತಿರಲಿಲ್ಲ.

ಬಗೆಹರಿಯಬೇಕಾದದ್ದಾದರೂ ಏನು? ಇವರು ಕ್ರಿಸ್ತನನ್ನು ಅಲ್ಲಗಳೆದವರು. ಅನ್ಯಮತದ ಗುರುತನ್ನು ದೇಹದ ಮೇಲೆ ಹೊತ್ತವರು. ಹೆಸರನ್ನು ಬದಲಿಸಬಹುದು, ಆ ಗುರುತನ್ನು ಅಳಿಸಲಾಗದು. ಸೆರೆಯಲ್ಲಿ ಆದ ಮದುವೆಗಳು ಮದುವೆಗಳೇ? ಆ ಮದುವೆಗಳಲ್ಲಿ ಹುಟ್ಟಿದ ಮಕ್ಕಳು ಯಾರವರು? ಹೆದರಿಕೆಯಿಂದ ಬಾಗಿದವನು ಯಾರು, ಮೇಲೇರಬೇಕೆಂದು ಮನಸಾರೆ ಬಾಗಿದವನು ಯಾರು? ಕಟ್ಟಳೆಯ ಪುಸ್ತಕವನ್ನು ಬಿಚ್ಚಿ ಕುಳಿತರೆ ಒಂದೊಂದು ಮನೆಗೆ ಒಂದೊಂದು ತಿಂಗಳ ವಿಚಾರಣೆ ಬೇಕಾಗುತ್ತಿತ್ತು.

ಕ್ರೈಸ್ತ ಸಭೆಗೆ ಈ ಪ್ರಶ್ನೆ ಹೊಸತೇನೂ ಅಲ್ಲವೆಂದು ಆಮೇಲೆ ತಿಳಿಯಿತು. ಕ್ರಿ. ಶ. ೨೫೦ರಲ್ಲಿ ರೋಮಿನ ಚಕ್ರವರ್ತಿ ಡೀಸಿಯಸನು ಪ್ರಜೆಗಳೆಲ್ಲ ರಾಜ್ಯದ ದೇವತೆಗಳಿಗೆ ಬಲಿಯರ್ಪಿಸಿ ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞೆ ಮಾಡಿದಾಗ ಅಸಂಖ್ಯ ಕ್ರೈಸ್ತರು ಹೆದರಿ ಹಾಗೆಯೇ ಮಾಡಿದರು. ಹಿಂಸೆ ತಣ್ಣಗಾದೊಡನೆ ಅಳುತ್ತ ಮರಳಿದರು. ರೋಮಿನ ನೊವೇಶಿಯನ್ ಎಂಬ ಪಂಡಿತನು ಇಂಥವರಿಗೆ ಸಭೆಯ ಬಾಗಿಲು ಮುಚ್ಚಿತೆಂದು ಸಾರಿದನು. ಆಫ್ರಿಕದ ಕಾರ್ಥೇಜಿನ ಧರ್ಮಾಧ್ಯಕ್ಷ ಸಿಪ್ರಿಯನ್ ಮತ್ತು ಅವನ ಸಂಗಡಿಗರು ೨೫೧ರಲ್ಲಿ ಸಭೆ ಸೇರಿ, ಪ್ರಾಯಶ್ಚಿತ್ತದ ಮೇಲೆ ಇವರನ್ನು ಕೂಡಿಸಿಕೊಳ್ಳಬಹುದೆಂದು ನಿಶ್ಚಯಿಸಿದರು. ಸ್ವಾರಸ್ಯವೇನೆಂದರೆ, ಆ ಹಿಂಸೆಯ ಕಾಲದಲ್ಲಿ ಸಿಪ್ರಿಯನ್ ತಾನೇ ಊರು ಬಿಟ್ಟು ಅಡಗಿದ್ದನು. ಇನ್ನೂ ಹಿಂದೆ ಹೋದರೆ ಸಂತ ಪೌಲನು ಗಲಾತ್ಯ ಸೀಮೆಯವರಿಗೆ ಬರೆದ ಪತ್ರವಿದೆ. ಅಲ್ಲಿಯ ವಿವಾದವೂ ಸುನ್ನತಿಯದೇ, ಆದರೆ ತಿರುಗುಮುರುಗು: ಕ್ರೈಸ್ತನಾಗಬೇಕಾದರೆ ಸುನ್ನತಿ ಬೇಕೇ ಎಂಬುದು. ಆದರೂ ಒಂದೇ, ಆಗದಿದ್ದರೂ ಒಂದೇ, ಅದರಲ್ಲಿ ಏನೂ ಇಲ್ಲ ಎಂಬರ್ಥದಲ್ಲಿ ಪೌಲನು ಅದನ್ನು ತಳ್ಳಿಹಾಕಿದನು. ಶ್ರೀರಂಗಪಟ್ಟಣದ ಈ ಬಡಪಾಯಿಗಳಿಗೆ ಆ ಪತ್ರವನ್ನು ಯಾರಾದರೂ ಓದಿ ಹೇಳಿದ್ದರೆ ಎಷ್ಟು ಹಗುರವೆನಿಸುತ್ತಿತ್ತೋ ಎಂದು ನನಗೆ ತೋರುತ್ತದೆ.

ದುಬ್ವಾನ ಮುಂದೆ ಬಂದವರು ಹೇಳಿದ್ದು ಇಷ್ಟೇ: ನಾವು ಹೊರಗೆ ಮಾತ್ರ ಬಾಗಿದೆವು, ಒಳಗೆ ಬಾಗಲಿಲ್ಲ. ಇದಕ್ಕೆ ಸಾಕ್ಷಿ ಎಲ್ಲಿಂದ ತರಬೇಕು? ಒಳಗಿನದನ್ನು ಒಳಗಿನವನೇ ಬಲ್ಲ. ದುಬ್ವಾ ಆ ಮಾತನ್ನು ನಂಬಿದನು. ತನ್ನ ಬಳಿಗೆ ಹೀಗೆ ಬಂದವರು ಸುಮಾರು ಎರಡು ಸಾವಿರವೆಂದು ಬರೆದಿದ್ದಾನೆ. ಮಂಗಳೂರು ಸೀಮೆಗೆ ಮರಳಿ ಹೋಗಿ ತಮ್ಮ ಹಳೆಯ ಗುಡಿಗಳನ್ನು ತಿರುಗಿ ಕಟ್ಟಿಕೊಂಡವರು ಇಪ್ಪತ್ತು ಸಾವಿರದ ಹತ್ತಿರವೆಂದು ಹೇಳುತ್ತಾನೆ. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಆತನ ಹೆಸರಿನ ಚರ್ಚು ಇದೆ.

ಇಷ್ಟೇ ಆಗಿದ್ದರೆ ಇದು ಸಂತರ ಚರಿತ್ರೆಯಂತೆ ನಯವಾಗಿ ಮುಗಿಯುತ್ತಿತ್ತು, ನಾನೂ ಬರೆಯುವ ಗೋಜಿಗೆ ಹೋಗುತ್ತಿರಲಿಲ್ಲ. ನನ್ನನ್ನು ತಡೆದು ನಿಲ್ಲಿಸಿದ್ದು ಅದೇ ಪುಟದ ಉಳಿದ ಭಾಗ. ಕ್ರೈಸ್ತ ಮತದ ಸ್ಥಿತಿಯನ್ನು ಕುರಿತ ಆ ಪತ್ರಗಳು ೧೮೨೩ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಅಲ್ಲಿ ದುಬ್ವಾ ಈ ಜನವನ್ನು ಕುರಿತು ಆಡುವ ಮಾತು ಬಹಳ ಕಠಿಣ. ಇಷ್ಟು ಸಾವಿರ ಜನರಲ್ಲಿ ಒಬ್ಬನಿಗಾದರೂ ತನ್ನ ನಂಬಿಕೆಯನ್ನು ಬಾಯಿಬಿಟ್ಟು ಹೇಳಿ ಪ್ರಾಣ ಕೊಡುವ ಧೈರ್ಯ ಬರಲಿಲ್ಲವೆಂದು ಹಳಿಯುತ್ತಾನೆ. ಇಂಥ ಪರೀಕ್ಷೆ ಇವರಿಗೆ ಇನ್ನೊಮ್ಮೆ ಬಾರದಂತೆ ದೇವರು ಕಾಯಲಿ, ಬಂದರೆ ಮತ್ತೆ ಹಾಗೆಯೇ ಬಾಗಿಬಿಡುತ್ತಾರೆ ಎನ್ನುತ್ತಾನೆ.

ಮೊದಲ ಸಲ ಓದಿದಾಗ ನನಗೆ ಸಿಟ್ಟು ಬಂತು. ಕ್ರಾಂತಿಯ ಕಿಡಿ ತಗಲುವ ಮೊದಲೇ ಹಡಗು ಹತ್ತಿದವನು, ಕಾಲ್ನಡಿಗೆಯಲ್ಲಿ ಘಟ್ಟ ಹತ್ತಿದವರ ಧೈರ್ಯವನ್ನು ಅಳೆಯುವುದೇ ಎನಿಸಿತು. ಈ ಸಿಟ್ಟು ಪೂರ್ತಿ ನ್ಯಾಯವಲ್ಲ. ಆತನು ಹೊರಟದ್ದು ಮಿಶನ್ನಿನ ಕೆಲಸಕ್ಕೆ, ಇಲ್ಲಿ ಪಟ್ಟ ಪಾಡೂ ಕಡಿಮೆಯಲ್ಲ. ಆದರೂ ಪುಸ್ತಕವನ್ನು ಮುಚ್ಚಿಟ್ಟೆ. ಕೆಲವು ದಿನ ಬಿಟ್ಟು ತಿರುಗಿ ಓದಿದಾಗ ಬೇರೊಂದು ಸಂಗತಿ ಕಂಡಿತು. ಇವರು ಗಟ್ಟಿಗರಲ್ಲ, ಮುಂದೆಯೂ ಗಟ್ಟಿಗರಾಗುವುದಿಲ್ಲ ಎಂದು ಆತನು ಖಚಿತವಾಗಿ ನಂಬಿದ್ದನು. ಹಾಗೆ ನಂಬಿದ್ದೂ ಕೂಡಿಸಿಕೊಂಡನು. ಇನ್ನು ಮುಂದೆ ದೃಢವಾಗಿ ನಿಲ್ಲುತ್ತಾರೆಂಬ ಭರವಸೆಯಿದ್ದು ಕ್ಷಮಿಸುವುದು ಒಂದು ಬಗೆಯ ವ್ಯವಹಾರ. ಸಾಲ ತೀರಿಸುವನೆಂದು ಗೊತ್ತಿದ್ದು ಸಾಲ ಕೊಟ್ಟಂತೆ. ತೀರಿಸಲಾರರೆಂದು ತಿಳಿದೂ ಕೊಡುವುದನ್ನೇ ಅಲ್ಲವೇ ನನ್ನ ಮಿತ್ರನು ಕೃಪೆ ಎಂದದ್ದು? ಮತ್ತು ಅವರನ್ನು ಶೂರರನ್ನಾಗಿ ಮಾಡೆಂದು ಆತನು ದೇವರನ್ನು ಬೇಡಲಿಲ್ಲ. ಪರೀಕ್ಷೆಯೇ ಬಾರದಿರಲಿ ಎಂದು ಬೇಡಿದನು. ತಿರಸ್ಕಾರವೆಂದು ನಾನು ಓದಿದ ಸಾಲಿನಲ್ಲಿ ತಂದೆಯೊಬ್ಬನ ಹೆದರಿಕೆಯೂ ಇರಬಹುದೆಂದು ಈಗ ತೋರುತ್ತದೆ. ಮಿತ್ರನಿಗೆ ಈ ಪುಟವನ್ನು ತೋರಿಸಿದೆ. ಅವನು ಓದಿ, ಪಾದ್ರಿಯ ಕೈ ಅವನ ಲೇಖನಿಗಿಂತ ಒಳ್ಳೆಯದು ಎಂದು ನಕ್ಕ.

ಆ ಕೈ ಮಾಡಿದ ಉಳಿದ ಕೆಲಸಗಳನ್ನು ನೋಡಿದರೆ ಅವನ ಮಾತು ಒಪ್ಪತಕ್ಕದ್ದೇ. ಮರಳಿ ಬಂದವರಲ್ಲಿ ಎಷ್ಟೋ ಮಂದಿಗೆ ಮನೆಯಿಲ್ಲ, ಹೊಲವಿಲ್ಲ. ಹಾಸನದ ಹತ್ತಿರ ಸತ್ಯಹಳ್ಳಿಯೆಂದೂ ಸಾತಳ್ಳಿಯೆಂದೂ ಹೇಳುವ ಕಡೆಯಲ್ಲಿ ನಿರ್ಗತಿಕರಿಗಾಗಿ ಬೇಸಾಯದ ವಸತಿಯೊಂದನ್ನು ಕಟ್ಟಿದನು. ಆಮೇಲೆ ಸಿಡುಬು. ಡಾಕ್ಟರ್ ಜೆನ್ನರನ ಲಸಿಕೆ ಹಿಂದೂಸ್ಥಾನಕ್ಕೆ ಬಂದದ್ದು ೧೮೦೨ರಲ್ಲಿ. ಜನರಿಗೆ ಅದರ ಭಯ, ಹಸುವಿನ ಕೀವನ್ನು ಮೈಗೆ ಸೇರಿಸುತ್ತಾರಂತೆ ಎಂಬ ಗುಲ್ಲು. ದುಬ್ವಾ ಮೈಸೂರು ಸೀಮೆಯಲ್ಲಿ ಜನರನ್ನು ಒಲಿಸಿ ೧೮೦೩-೦೪ರ ಸುಮಾರಿಗೆ ೨೫,೪೩೨ ಮಂದಿಗೆ ಲಸಿಕೆ ಹಾಕಿಸಿದ ಲೆಕ್ಕ ಉಂಟು. ಮತಾಂತರದ ಲೆಕ್ಕವನ್ನು ಕೇಳಿದರೆ ಇದಕ್ಕೆ ತೀರ ವಿರುದ್ಧ: ಇಪ್ಪತ್ತೈದು ವರ್ಷ ದುಡಿದು, ಸ್ಥಳೀಯ ಸಹಾಯಕನೊಬ್ಬನನ್ನು ಕೂಡಿಕೊಂಡು, ತಾನು ಹೊಸದಾಗಿ ಕ್ರೈಸ್ತರನ್ನಾಗಿ ಮಾಡಿದ್ದು ಇನ್ನೂರು ಮುನ್ನೂರು ಜನರನ್ನು, ಅವರಲ್ಲಿಯೂ ಬಹುಮಂದಿ ಹೊಟ್ಟೆಪಾಡಿಗೆ ಬಂದವರು ಎಂದು ಮುಚ್ಚುಮರೆಯಿಲ್ಲದೆ ಬರೆದುಬಿಟ್ಟನು. ಈ ಮಾತಿಗೆ ಇಂಗ್ಲಿಷ್ ಮಿಶನರಿಗಳು ಕೆರಳಿದರು. ಜೇಮ್ಸ್ ಹಫ್ ಎಂಬವನು ಮರುವರ್ಷವೇ ಉತ್ತರರೂಪವಾಗಿ ಒಂದು ಪುಸ್ತಕವನ್ನು ಅಚ್ಚುಹಾಕಿಸಿದನು.

ಕಟ್ಟಳೆಯ ಕಡುತನ ಏನು ಮಾಡುತ್ತದೆಂಬುದರ ಅರಿವು ದುಬ್ವಾನಿಗೆ ಹಳೆಯ ಇತಿಹಾಸದಿಂದಲೂ ಇತ್ತು. ಜೆಸ್ವಿಟ್ ಪಾದ್ರಿಗಳು ದಕ್ಷಿಣದಲ್ಲಿ ಮದುವೆ, ಮೈಲಿಗೆ, ಒಡವೆಗಳ ವಿಷಯದಲ್ಲಿ ನಮ್ಮವರ ರೂಢಿಗಳನ್ನು ಬಹುಮಟ್ಟಿಗೆ ಸಹಿಸಿಕೊಂಡಿದ್ದರು. ೧೭೪೪ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟರು ಆ ಸಡಿಲಿಕೆಗಳನ್ನು ಬಿಗಿಮಾಡಿದಾಗ ಬಹಳ ಜನ ಸಭೆಯನ್ನೇ ಬಿಟ್ಟರೆಂದು ದುಬ್ವಾ ಮರುಗುತ್ತಾನೆ. ಇಲ್ಲಿ ಮಾತ್ರ ನನಗೆ ಆತನ ಜೊತೆ ಪೂರ್ತಿ ಹೋಗಲು ಮನಸ್ಸು ಬಾರದು. ಸಹಿಸಿಕೊಂಡ ರೂಢಿಗಳಲ್ಲಿ ಜಾತಿಯೂ ಒಂದು. ಜಾತಿಪದ್ಧತಿಯನ್ನು ಆತನು ಹಿಂದೂ ಶಾಸ್ತ್ರಕಾರರ ಬುದ್ಧಿವಂತಿಕೆಯ ಫಲವೆಂದು ಹೊಗಳಿದವನು. ಬಸವಣ್ಣನವರು ನಡೆದಾಡಿದ ನಾಡಿನಲ್ಲಿ ಹುಟ್ಟಿದ ನಾವು ಇದನ್ನು ಕೃಪೆಯೆಂದು ಕರೆಯಲಾರೆವು. ಒಬ್ಬನ ಪಾಲಿಗೆ ಸಡಿಲಿಸಿದ ಕಟ್ಟಳೆ ಇನ್ನೊಬ್ಬನ ಕೊರಳಿಗೆ ಹಗ್ಗವಾಗುವುದುಂಟು.

ದುಬ್ವಾ ಮೈಸೂರು ಸೀಮೆಯಲ್ಲಿದ್ದ ಈ ಕಾಲಕ್ಕೆ ಸರಿಯಾಗಿ ನಮ್ಮ ಕಲಬುರಗಿಯಲ್ಲಿ ಶ್ರೀ ಶರಣಬಸವೇಶ್ವರರು ದಾಸೋಹ ನಡೆಸುತ್ತಿದ್ದರು (೧೭೪೬-೧೮೨೨). ಹೊಲದ ಕಾಳಿಗೆ ಬಂದ ಹಕ್ಕಿಗಳನ್ನು ಓಡಿಸದೆ ಅವುಗಳಿಗೆ ಕುಡಿಯಲು ನೀರಿಟ್ಟ ಅವರ ಕಥೆಯನ್ನು ಶಹಾಬಜಾರದಲ್ಲಿ ಮುದುಕಿಯರೂ ಬಲ್ಲರು. ಒಬ್ಬರು ಇನ್ನೊಬ್ಬರ ಹೆಸರನ್ನು ಕೇಳಿದ್ದ ಸಂಭವವಿಲ್ಲ. ನನ್ನ ಅಜ್ಜಿಗೆ ದುಬ್ವಾನ ಕಥೆ ಹೇಳಿದಾಗ, ಬಂದವರ ಊರು ಕೇರಿ ಕೇಳಿ ಎಲೆ ಹಾಕಿದರೆ ಅದೆಂಥ ದಾಸೋಹ ಎಂದು ಕೇಳಿ ತನ್ನ ಕೆಲಸಕ್ಕೆ ಹೋದಳು.

ಆತನ ದೊಡ್ಡ ಗ್ರಂಥದ ಸಂಗತಿಯನ್ನು ಹೇಳದಿದ್ದರೆ ಅಧ್ಯಾಪಕರು ಮೆಚ್ಚಲಾರರು. ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟ್ ಕರ್ನಲ್ ವಿಲ್ಕ್ಸ್ ಮೆಚ್ಚಿ ಶಿಫಾರಸು ಮಾಡಲು, ಮದರಾಸಿನ ಗವರ್ನರ್ ಬೆಂಟಿಂಕನು ಕಂಪನಿಯ ಪರವಾಗಿ ಎರಡು ಸಾವಿರ ವರಹ ಕೊಟ್ಟು ಕೊಂಡನು. ೧೮೧೬ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ತಿದ್ದಿದ ಪ್ರತಿಯಿಂದ ಬೋಶಾಂಪ್ ಮಾಡಿದ ಅನುವಾದ ೧೮೯೭ರಲ್ಲಿ ಬಂದಿತು. ನೂರೆಪ್ಪತ್ತು ವರ್ಷ ಅದು ದುಬ್ವಾನ ಸ್ವಂತ ಅನುಭವದ ಫಲವೆಂದು ಜಗತ್ತು ನಂಬಿತ್ತು. ೧೯೮೭ರಲ್ಲಿ ಸಿಲ್ವಿಯಾ ಮ್ಯೂರ್ ಎಂಬ ಫ್ರೆಂಚ್ ವಿದುಷಿ ಹಳೆಯ ಹಸ್ತಪ್ರತಿಯೊಂದನ್ನು ಹೋಲಿಸಿ ನೋಡಿ, ಈ ಗ್ರಂಥದ ಬಹುಭಾಗ ಗಾಸ್ತೋಂ ಕೂರ್ದು ಎಂಬ ಜೆಸ್ವಿಟ್ ಪಾದ್ರಿಯ ಬರಹದಿಂದ ಎತ್ತಿದ್ದೆಂದು ತೋರಿಸಿಕೊಟ್ಟಳು. ಕೂರ್ದು ೧೭೭೯ರಲ್ಲಿಯೇ ತೀರಿಕೊಂಡಿದ್ದನು. ಅವನ ಸಂಘವನ್ನು ೧೭೭೩ರಲ್ಲಿಯೇ ಪೋಪರು ವಿಸರ್ಜಿಸಿದ್ದರು. ಅವನ ಪರವಾಗಿ ಕೇಳುವವರು ಯಾರೂ ಇರಲಿಲ್ಲ. ಇದು ಸಣ್ಣ ತಪ್ಪಲ್ಲ. ಪರೀಕ್ಷೆಯ ಕೊಠಡಿಯಲ್ಲಿ ನಾವು ಹೀಗೆ ಮಾಡಿದರೆ ಎಬ್ಬಿಸಿ ಹೊರಗೆ ಕಳಿಸುತ್ತಾರೆ. ಈ ಸಂಗತಿ ತಿಳಿದ ದಿನ ಲೇಖನವನ್ನು ಕೈಬಿಡಬೇಕೆಂದಿದ್ದೆ. ಎರಡು ಸಾವಿರ ಜನರ ಮಾತನ್ನು ನಂಬಿದವನ ಮಾತನ್ನು ನಾವು ಇನ್ನು ಹೇಗೆ ನಂಬುವುದು? ಶ್ರೀರಂಗಪಟ್ಟಣದ ಕೆಲಸ ಮಾತ್ರ ಕೂರ್ದುವಿನದಾಗಿರಲು ಸಾಧ್ಯವಿಲ್ಲ ಎಂಬುದರಿಂದ ಮುಂದುವರಿದೆ.

೧೮೨೩ರ ಜನವರಿ ೧೫ರಂದು ದುಬ್ವಾ ಹಿಂದೂಸ್ಥಾನವನ್ನು ಬಿಟ್ಟನು; ಕಂಪನಿಯವರು ಪ್ರಯಾಣದ ವೆಚ್ಚವನ್ನೂ ವಿಶ್ರಾಂತಿ ವೇತನವನ್ನೂ ಕೊಟ್ಟರು. ಪ್ಯಾರಿಸಿನಲ್ಲಿ ತನ್ನ ಸಂಘದ ಗುರುಮಠವನ್ನು ಸೇರಿ, ೧೮೨೬ರಲ್ಲಿ ಪಂಚತಂತ್ರವನ್ನು, ಅದರ ಜೊತೆಗೆ ಪರಮಾರ್ಥ ಗುರುವಿನ ಕಥೆಯನ್ನು ಫ್ರೆಂಚಿಗೆ ತಂದನು. ೧೮೩೬ರಿಂದ ೧೮೩೯ರವರೆಗೆ ಆ ಮಠದ ಮುಖ್ಯಸ್ಥನಾಗಿದ್ದನು. ಮೂವತ್ತೊಂದು ವರ್ಷ ಬಾಳಿದ ನಾಡಿಗೆ ತಿರುಗಿ ಬರಲಿಲ್ಲ. ೧೮೪೮ರ ಫೆಬ್ರವರಿ ೧೭ರಂದು ತೀರಿಕೊಂಡನು. ಅದಾದ ಐದನೆಯ ದಿನ ಪ್ಯಾರಿಸಿನ ಬೀದಿಗಳಲ್ಲಿ ಇನ್ನೊಂದು ಕ್ರಾಂತಿ ಎದ್ದಿತು.